ಊದಿ ನೋಡಿದ ಜೆಟ್ಟು

ದರ್ಜಿಯ ಉಗುರಿನ ಸಂದಿಗೆ ಗ್ರೀಸು ಸೇರಿದ್ದು ಅವನ ಐವತ್ತೆಂಟನೆಯ ವಯಸ್ಸಿನಲ್ಲಿ. ಸೋಪಿಗೂ ಬಗ್ಗದ, ಸೀಮೆಎಣ್ಣೆಗೂ ಬಗ್ಗದ ಗ್ರೀಸು. ಮರುದಿನ ಅಂಗಡಿಯಲ್ಲಿ ಯಾರದೋ ಬಿಳಿ ಅಂಗಿಯ ಕಾಲರ್ ಸಿಕ್ಕರೆ ಮಾತ್ರ ಧಾರಾಳವಾಗಿ ಬಿಟ್ಟುಕೊಡುತ್ತಿತ್ತು. ನಲವತ್ತು ವರ್ಷ ಬೆರಳುಗಳನ್ನು ಜೋಪಾನ ಮಾಡಿಕೊಂಡು ಬಂದ ಮನುಷ್ಯ ಈಗ ದಿನಾ ಬೆಳಿಗ್ಗೆ, ಅಂಗಡಿ ತೆರೆಯುವ ಮುಂಚೆ, ಅಣ್ಣನ ಮನೆಯ ಹಿತ್ತಿಲಲ್ಲಿ ಗೋಣಿಚೀಲ ಹಾಸಿಕೊಂಡು ಕೂತು ಒಂದು ಹಳೆಯ ಮೋಟಾರ್‌ಸೈಕಲ್ ಬಿಚ್ಚುತ್ತಿದ್ದ. ಬಿಚ್ಚುವ ಕೈ ಇವನದು, ಬಿಚ್ಚಿಸುವ ತಲೆ ಅಣ್ಣನದು.

ಅಣ್ಣ ಮೂವತ್ತೈದು ವರ್ಷ ಮೆಕ್ಯಾನಿಕ್ ಆಗಿದ್ದವನು. ಎಂಜಿನ್ ಬಿಚ್ಚುವವರು ಊರ ತುಂಬ ಇದ್ದರು. ಕಾರ್ಬುರೇಟರ್ ಕೆಟ್ಟರೆ ಮಾತ್ರ ಎಲ್ಲರೂ ಅವನ ಬಾಗಿಲಿಗೇ ಬರಬೇಕಿತ್ತು. ಬೇರೆ ಗ್ಯಾರೇಜಿನವರು ಕೈಚೆಲ್ಲಿ ಕೂತ ಗಾಡಿಗಳನ್ನು ಅವನು ಮೀಟರ್ ಹಚ್ಚಿ ನೋಡಿದ್ದನ್ನು ಯಾರೂ ಕಂಡಿಲ್ಲ. ಕಿವಿಗೊಟ್ಟು ಕೇಳುವುದು, ಜೆಟ್ಟನ್ನು ತುಟಿಗಿಟ್ಟು ಊದುವುದು, ಸ್ಕ್ರೂ ಕಾಲು ಸುತ್ತು ತಿರುಗಿಸುವುದು, ಅಷ್ಟೇ. ಈಗ ಎರಡು ವರ್ಷದಿಂದ ಅವನ ಕೈ ನಡುಗುತ್ತಿತ್ತು. ಚಹಾದ ಲೋಟ ತುಟಿ ಮುಟ್ಟುವಷ್ಟರಲ್ಲಿ ಅರ್ಧ ಚಹಾ ಅಂಗಿಯ ಪಾಲಾಗುತ್ತಿತ್ತು. ಸ್ಕ್ರೂಡ್ರೈವರ್ ಸ್ಕ್ರೂವಿನ ತಲೆಯ ಸುತ್ತ ತಡಕಾಡುತ್ತಿತ್ತೇ ಹೊರತು ಗೀರಿನಲ್ಲಿ ಕೂರುತ್ತಿರಲಿಲ್ಲ. ಮಾತೂ ಸಣ್ಣಗಾಗಿ, ಎದುರಿಗೆ ಕೂತವರು ಮುಂದಕ್ಕೆ ಬಾಗಿ ಕೇಳಿಸಿಕೊಳ್ಳಬೇಕಾಗಿತ್ತು.

ದೊಡ್ಡ ಡಾಕ್ಟರು ಎಲ್ಲವನ್ನೂ ನಯವಾಗಿಯೇ ಹೇಳಿದ್ದರು. ನಡುಕ ಹೆಚ್ಚುತ್ತದೆ, ನಡಿಗೆ ನಿಧಾನವಾಗುತ್ತದೆ, ದನಿ ಇಳಿಯುತ್ತದೆ. ತಲೆ? ಕೆಲವರದು ಕೊನೆಯ ತನಕ ಸರಿಯಾಗಿಯೇ ಇರುತ್ತದೆ, ಕೆಲವರದು ಇರುವುದಿಲ್ಲ, ಈಗಲೇ ಹೇಳಲಿಕ್ಕಾಗದು. ವಾಪಸು ಬಂದದ್ದು ಬಸ್ಸಿನಲ್ಲಿ. ಇಳಿಯುವ ಸ್ಟಾಪು ಬಂದಾಗ ಅಣ್ಣ ತಮ್ಮನ ತೋಳು ಹಿಡಿದುಕೊಂಡು ಎದ್ದು ನಿಂತು ಹೇಳಿದ:

"ಕೈ ಹೋಗ್ಲಿ, ಕಾಲು ಹೋಗ್ಲಿ. ತಲೆ ಕೆಟ್ಟೋನಿಗೆ ತನ್ನ ತಲೆ ಕೆಟ್ಟಿದ್ದು ಗೊತ್ತಾಗಲ್ಲ ನೋಡು, ಅದೇ ನನಗೆ ಭಯ. ನಿನಗೆ ಗೊತ್ತಾದ ದಿನ ಮುಚ್ಚಿಡಬೇಡ. ಮುಖಕ್ಕೇ ಹೇಳು. ಆವತ್ತಿಂದ ನಾನು ಯಾವುದಕ್ಕೂ ಬಾಯಿ ಹಾಕಲ್ಲ."

"ಹೂಂ ಅಣ್ಣ," ಎಂದ ದರ್ಜಿ. ಬಸ್ಸಿನ ಬಾಗಿಲಲ್ಲಿ ನಿಂತುಕೊಂಡು, ಹಿಂದಿನವರು ತಳ್ಳುತ್ತಿರುವಾಗ, ಬೇರೆ ಏನು ತಾನೇ ಹೇಳಬಹುದಿತ್ತು?

ಮೋಟಾರ್‌ಸೈಕಲ್ಲಿನ ಯೋಚನೆ ಹುಟ್ಟಿದ್ದು ಅದಾದ ಮೇಲೆ. ಅದು ಅಣ್ಣನ ಸ್ವಂತದ್ದು. ಯಾವುದೋ ಕಾಲದಲ್ಲಿ ಗುಜರಿಯಿಂದ ಎತ್ತಿಕೊಂಡು ಬಂದು, ಊರವರ ಗಾಡಿಗಳ ಮಧ್ಯೆ ಪುರಸೊತ್ತಾದಾಗ ಸರಿಮಾಡುತ್ತೇನೆಂದು ಹಿತ್ತಿಲಿನ ತಗಡಿನ ಕೆಳಗೆ ನಿಲ್ಲಿಸಿದ್ದ. ಪುರಸೊತ್ತು ಆಗಲೇ ಇಲ್ಲ. ಅತ್ತಿಗೆ ಅದರ ಹ್ಯಾಂಡಲಿಗೆ ನೆಲ ಒರೆಸುವ ಬಟ್ಟೆ ಒಣಹಾಕುತ್ತಿದ್ದಳು.

"ನಾನು ಬಾಯಲ್ಲಿ ಹೇಳ್ತೀನಿ, ನೀನು ಕೈಯಲ್ಲಿ ಮಾಡು," ಎಂದಿದ್ದ ಅಣ್ಣ. "ಗಾಡಿ ಓಡೋದು ಬೇಕಿಲ್ಲ. ಆಕ್ಸಿಲರೇಟರ್ ಬಿಟ್ಟ ಮೇಲೂ ನಿಂತಲ್ಲೇ ನಿಧಾನಕ್ಕೆ, ಒಂದೇ ಸಮ ಶಬ್ದ ಮಾಡ್ತಾ ನಿಂತಿರಬೇಕು. ಕಾರ್ಬುರೇಟರ್ ಕೆಲಸ ಅಂದ್ರೆ ಅದೇ. ಅದಾದ್ರೆ ನನ್ನ ತಲೆ ಸರಿ ಇದೆ ಅಂತ."

ಹೀಗೆ ಅಣ್ಣ ತನಗೆ ತಾನೇ ಪರೀಕ್ಷೆ ಇಟ್ಟುಕೊಂಡ, ಉತ್ತರ ಬರೆಯುವ ಕೆಲಸವನ್ನು ತಮ್ಮನಿಗೆ ವಹಿಸಿದ.

ಮೊದಮೊದಲು ಆ ಬೆಳಗುಗಳು ಚೆನ್ನಾಗಿದ್ದವು ಎಂದೇ ಹೇಳಬೇಕು. ಅಣ್ಣ ಬೆತ್ತದ ಕುರ್ಚಿಯಲ್ಲಿ, ನಡುಗುವ ಕೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಿರುತ್ತಿದ್ದ.

"ಕಾರ್ಬುರೇಟರ್ ತಳದ ಕಪ್ಪಿನ ನಾಲ್ಕು ಸ್ಕ್ರೂ ಅಡ್ಡಡ್ಡ ಸಡಿಲಿಸು. ಒಂದೇ ಕಡೆಯಿಂದ ಎಳೀಬೇಡ."

"ಗೊತ್ತು ಬಿಡಣ್ಣ. ಕಾಲರ್ ಕೂರಿಸೋವಾಗ ನಾನೂ ಒಂದೇ ಕಡೆಯಿಂದ ಶುರು ಮಾಡಲ್ಲ."

"ನಿನ್ನ ಕಾಲರಿಗೆ ಯಾರೂ ಪೆಟ್ರೋಲ್ ಹಾಕಲ್ಲ. ಹೇಳಿದಷ್ಟು ಮಾಡೋ ದರ್ಜಿ."

ಕೆಲಸದ ನಡುವೆ ಅವರಿಬ್ಬರಿಗೂ ಒಂದು ಆಟವಿತ್ತು. ಮನೆಯ ಪಕ್ಕದ ರಸ್ತೆ ಏರು. ಹತ್ತುವ ಗಾಡಿಗಳೆಲ್ಲ ತಮ್ಮ ರೋಗವನ್ನು ಅಲ್ಲೇ ಹೇಳಿಕೊಳ್ಳುತ್ತಿದ್ದವು. ದರ್ಜಿ ಮೊದಲು ಊಹೆ ಹೇಳಬೇಕು, ಅದು ಖಂಡಿತ ತಪ್ಪಾಗಿರಬೇಕು, ಆಮೇಲೆ ಅಣ್ಣ ಅವನ ಜನ್ಮ ಜಾಲಾಡಬೇಕು. "ಚೈನ್ ಸಡಿಲ," ಎನ್ನುತ್ತಿದ್ದ ದರ್ಜಿ. ಅವನಿಗೆ ಗೊತ್ತಿದ್ದ ರೋಗ ಅದೊಂದೇ. "ಚೈನಂತೆ ಚೈನು! ಟ್ಯಾಪೆಟ್ ಕಣೋ ಕತ್ತೆ, ಕಟಕಟ ಅಂತಿರೋದು ಕೇಳಲ್ವಾ? ಕಿವೀಲಿ ನೂಲು ತುಂಬ್ಕೊಂಡಿದೀಯಾ?" ಸಣ್ಣ ದನಿಯಲ್ಲಿ ಬೈಯುವುದಕ್ಕೂ ಅಣ್ಣನಿಗೆ ಉಸಿರು ಸಾಲುತ್ತಿರಲಿಲ್ಲ, ಆದರೂ ಬೈಯುವಾಗ ಮುಖ ಅರಳುತ್ತಿತ್ತು. ಹಾಲಿನವನ ಗಾಡಿ ವಾರಕ್ಕೊಮ್ಮೆಯಾದರೂ ಏರಿನ ನಡುವೆ ಕೆಮ್ಮಿ ಕೆಮ್ಮಿ ನಿಂತುಬಿಡುತ್ತಿತ್ತು. ಅದಕ್ಕೆ ಊಹೆಯೇ ಬೇಕಿರಲಿಲ್ಲ. "ಪೆಟ್ರೋಲ್ ಮುಗೀತು. ರಿಸರ್ವಿಗೆ ತಿರುಗಿಸೋ ಅಂತ ಕೂಗು," ಎಂದು ಅಣ್ಣ ಹೇಳುವ ಮುಂಚೆಯೇ ಅತ್ತಿಗೆ ಅಡುಗೆಮನೆ ಕಿಟಕಿಯಿಂದ ಕೂಗಿಯಾಗಿರುತ್ತಿತ್ತು.

"ಅಡುಗೇಲಿ ಉಪ್ಪಿಲ್ಲದಿದ್ರೆ ಇವರಿಗೆ ಗೊತ್ತಾಗಲ್ಲ," ಎನ್ನುತ್ತಿದ್ದಳು ಅವಳು. "ಬೀದೀಲಿ ಹೋಗೋ ಗಾಡೀಲಿ ಎಣ್ಣೆ ಇಲ್ಲದಿದ್ರೆ ಗೊತ್ತಾಗತ್ತೆ."

ಕಾರ್ಬುರೇಟರ್ ಒಳಗಿನಿಂದ ಒಂದು ಚಿಕ್ಕ ಹಿತ್ತಾಳೆಯ ತುಂಡು ಹೊರಬಂತು. ಅಂಗಿಯ ಗುಂಡಿಯ ಅರ್ಧದಷ್ಟೂ ಇಲ್ಲ. ಅದರ ಉದ್ದಕ್ಕೂ ಕೂದಲು ತೂರುವಷ್ಟು ತೂತು.

"ಸ್ಲೋ ಜೆಟ್ಟು," ಎಂದ ಅಣ್ಣ. "ಗಾಡಿ ಸುಮ್ಮನೆ ನಿಂತಿರೋವಾಗ ಪೆಟ್ರೋಲ್ ಇದರಲ್ಲೇ ಬರೋದು. ಇಷ್ಟೇ ಬರಬೇಕು. ಒಂದು ಕೂದಲಷ್ಟು ಹೆಚ್ಚೂ ಬೇಡ, ಕಮ್ಮೀನೂ ಬೇಡ. ಇಲ್ಲಿ ಹಿಡಿ."

ದರ್ಜಿ ಜೆಟ್ಟನ್ನು ಎರಡು ಬೆರಳಲ್ಲಿ ಹಿಡಿದು ಅಣ್ಣನ ತುಟಿಗಿಟ್ಟ. ಅಣ್ಣ ಕಣ್ಣು ಮುಚ್ಚಿ ಊದಿದ. ಕೈ ಕೈಕೊಟ್ಟ ಮೇಲೆ ಅವನ ಪಾಲಿಗೆ ಉಳಿದಿದ್ದ ಉಪಕರಣ ಅದೊಂದೇ. ಎಷ್ಟು ತಡೆ ಸಿಗುತ್ತದೆ ಎನ್ನುವುದರ ಮೇಲೆ ಅವನು ತೂತಿನ ಅಳತೆಯನ್ನೇ ಹೇಳಿಬಿಡುತ್ತಿದ್ದ.

"ಪೂರ್ತಿ ಕಟ್ಟಿದೆ. ಹಳೇ ಪೆಟ್ರೋಲ್ ಒಳಗೇ ಒಣಗಿ ಗೋಂದಾಗಿದೆ. ಕ್ಲೀನರಲ್ಲಿ ನೆನೆಹಾಕು. ದಿನಾ ತೆಗೆದು ಊದೋಣ. ಹತ್ತು ದಿನ ಆದ್ರೂ ಆಗ್ಲಿ. ಒಳಗೆ ಮಾತ್ರ ಏನೂ ತೂರಿಸಬೇಡ. ತಂತಿ ಇಲ್ಲ, ಪಿನ್ನಿಲ್ಲ. ತಿಳೀತಾ?"

"ತಿಳೀತು."

ತಿಳಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಐದನೆಯ ದಿನ ದರ್ಜಿಯ ಅಂಗಡಿಗೆ ವಾರದ ರಜೆ. ಮಧ್ಯಾಹ್ನ ಅಣ್ಣ ಊಟ ಮಾಡಿ ಮಲಗಿದ್ದ. ಅತ್ತಿಗೆ ಪಕ್ಕದ ಮನೆಗೆ ಹೋಗಿದ್ದಳು. ಬಟ್ಟಲಲ್ಲಿ ನೆನೆಯುತ್ತಿದ್ದ ಜೆಟ್ಟನ್ನು ತೆಗೆದು ಬಿಸಿಲಿಗೆ ಹಿಡಿದರೆ ತೂತಿನಲ್ಲಿ ಬೆಳಕು ಕಾಣಲೊಲ್ಲದು. ಬೆಳಿಗ್ಗೆ ಊದಿ ನೋಡಿ ಅಣ್ಣ ಆಚೆ ತಿರುಗಿಕೊಂಡಿದ್ದ, ಆ ಮುಖ ನೋಡಲಾಗಿರಲಿಲ್ಲ. ದರ್ಜಿಯ ಅಂಗಿಯ ಕಾಲರಿನ ಒಳಮಗ್ಗುಲಿನಲ್ಲಿ ಯಾವಾಗಲೂ ಎರಡು ಸೂಜಿ ಚುಚ್ಚಿರುತ್ತಿದ್ದವು. ಒಂದು ಸಾಧಾರಣದ್ದು, ಇನ್ನೊಂದು ರೇಷ್ಮೆಗೆ ಬಳಸುವ, ಇರುವುದರಲ್ಲೇ ಸಣ್ಣದು.

ಅಣ್ಣ ಬೇಡ ಎಂದದ್ದು ತಂತಿ, ಪಿನ್ನು. ಒರಟು ಸಾಮಾನುಗಳು, ಒರಟು ಕೈಗಳು. ಇದು ರೇಷ್ಮೆಯ ಸೂಜಿ. ನಲವತ್ತು ವರ್ಷದಲ್ಲಿ ಒಂದು ಎಳೆಯನ್ನೂ ಕಿತ್ತದ್ದಲ್ಲ. ಬಟ್ಟೆಯಲ್ಲಿ ಸೂಜಿ ಹೋಗುತ್ತದೆ, ಬರುತ್ತದೆ, ಉಗುರಿನಿಂದ ಒಮ್ಮೆ ನೀವಿದರೆ ತೂತು ಮುಚ್ಚಿಕೊಳ್ಳುತ್ತದೆ, ಸೂಜಿ ಬಂದಿತ್ತೆಂದು ಬಟ್ಟೆಗೂ ನೆನಪಿರುವುದಿಲ್ಲ. ಬಟ್ಟೆಯ ಮನುಷ್ಯ ಹೀಗಲ್ಲದೆ ಇನ್ನು ಹೇಗೆ ಯೋಚಿಸಬೇಕು? ಸೂಜಿಯ ಮೊನೆಯನ್ನು ತೂತಿಗಿಟ್ಟ. ಸ್ವಲ್ಪ ಒತ್ತಿದ. ಬಿಗಿ ಅನ್ನಿಸಿದಾಗ ಎರಡು ಬೆರಳ ನಡುವೆ ಸೂಜಿಯನ್ನು ಎರಡು ಸುತ್ತು ತಿರುಗಿಸಿದ. ಏನೋ ಚೂರು ಕಿತ್ತುಕೊಂಡು ಬಿತ್ತು. ಬಿಸಿಲಿಗೆ ಹಿಡಿದರೆ ಪುಟ್ಟ ಬೆಳಕಿನ ಚುಕ್ಕೆ. ದರ್ಜಿಯ ಮುಖ ಊರಗಲವಾಯಿತು.

ಮರುದಿನ ಬೆಳಿಗ್ಗೆ ಜೆಟ್ಟನ್ನು ಅಣ್ಣನ ತುಟಿಗಿಟ್ಟ. ಅಣ್ಣ ಊದಿದ. ಇನ್ನೊಮ್ಮೆ ಊದಿದ. ಕಣ್ಣು ತೆರೆದ.

"ಬಿಡ್ತು! ನೋಡಿದ್ಯಾ, ತಾಳ್ಮೆ ಇದ್ರೆ ತಾನಾಗೇ ಬಿಡತ್ತೆ. ಅಳತೆ ಸರಿಯಾಗಿದೆ." ಆಮೇಲೆ ತಮ್ಮನ ಮುಖ ನೋಡಿ, "ಒಳಗೆ ಏನೂ ಹಾಕಿಲ್ಲ ತಾನೇ?"

"ಇಲ್ಲ ಅಣ್ಣ."

ಆ 'ಇಲ್ಲ' ಎಷ್ಟು ಸಲೀಸಾಗಿ ಬಂತೆಂದರೆ ಸುಳ್ಳು ಹೇಳಿದೆನೆಂದೇ ದರ್ಜಿಗೆ ಅನ್ನಿಸಲಿಲ್ಲ. ಅಣ್ಣನ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಅಂಥ ನಗು ಬಂದಿತ್ತು, ಅದರ ಮುಂದೆ ಒಂದು ಸೂಜಿಯ ವಿಷಯ ಯಾವ ಲೆಕ್ಕ?

ಕಾರ್ಬುರೇಟರ್ ಮತ್ತೆ ಜೋಡಿಸಿದ ಮೇಲೆ ಗಾಡಿ ನಾಲ್ಕನೆಯ ಕಿಕ್ಕಿಗೆ ಶುರುವಾಯಿತು. ತಗಡಿನ ಮೇಲಿದ್ದ ಬೆಕ್ಕು ಹಾರಿ ಓಡಿತು, ಅತ್ತಿಗೆ ಕೈಯಲ್ಲಿ ಸೌಟು ಹಿಡಿದುಕೊಂಡೇ ಹಿತ್ತಿಲಿಗೆ ಬಂದಳು. ಅಣ್ಣ ತೊಡೆಯ ಕೆಳಗಿನಿಂದ ಕೈ ತೆಗೆದು, ಅದು ನಡುಗುತ್ತಿರುವುದನ್ನೂ ಮರೆತು, ಗಾಳಿಯಲ್ಲಿ ಎತ್ತಿದ. ಒಂದೆರಡು ನಿಮಿಷ ಎಲ್ಲವೂ ಸರಿಯಿತ್ತು. ಎಂಜಿನ್ ಬಿಸಿಯಾಯಿತು. "ಈಗ ಬಿಡು," ಎಂದ ಅಣ್ಣ. ದರ್ಜಿ ಆಕ್ಸಿಲರೇಟರ್ ಬಿಟ್ಟ. ಗಾಡಿ ಎರಡು ಸಲ ಉಬ್ಬಸಪಟ್ಟು, ಸೈಲೆನ್ಸರಿನಿಂದ ಕರಿ ಹೊಗೆ ಉಗುಳಿ ನಿಂತುಹೋಯಿತು.

ಮತ್ತೆ ಶುರು, ಮತ್ತೆ ಬಿಡುವುದು, ಮತ್ತೆ ಕರಿ ಹೊಗೆ. ಹಿಡಿದುಕೊಂಡರೆ ಓಡುತ್ತದೆ, ಬಿಟ್ಟರೆ ಸಾಯುತ್ತದೆ.

"ಪ್ಲಗ್ ಬಿಚ್ಚಿ ತೋರಿಸು," ಎಂದ ಅಣ್ಣ. ಪ್ಲಗ್ಗಿನ ಮೂತಿಗೆ ಮಸಿ ಮೆತ್ತಿತ್ತು. "ಪೆಟ್ರೋಲ್ ಜಾಸ್ತಿ ಹೋಗ್ತಿದೆ. ನಾಳೆ ನೋಡೋಣ, ಇದೇನು ದೊಡ್ಡ ವಿಷಯ ಅಲ್ಲ."

ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಪೆಟ್ರೋಲ್ ಜಾಸ್ತಿಯೇ ಹೋಗುತ್ತಿತ್ತು. ಅದು ಎಲ್ಲಿಂದ ಹೋಗಬಹುದೆನ್ನುವುದನ್ನು ಒಂದೊಂದಾಗಿ ಹೇಳುತ್ತಾ ಹೋದದ್ದೂ ಸರಿ. ಕಪ್ಪಿನೊಳಗೆ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟನ್ನು ನೋಡಿಸಿದ, ಅದು ಸರಿಯಿತ್ತು. ಫ್ಲೋಟಿನ ಮೊಳೆ ಹೊಸದು ಹಾಕಿಸಿದ. ಚೋಕ್ ಪೂರ್ತಿ ಬಿಡುತ್ತದೆಯೋ ಇಲ್ಲವೋ ನೋಡಿಸಿದ, ಗಾಳಿಯ ಫಿಲ್ಟರ್ ತೊಳೆಸಿದ, ಏರ್ ಸ್ಕ್ರೂವನ್ನು ಕಾಲು ಕಾಲು ಸುತ್ತು ಹೊರಗೆ ಬಿಡಿಸಿದ. ಒಂದು ವಾರ ಹೋಯಿತು, ಎರಡು ವಾರ ಹೋಯಿತು. ಜೆಟ್ಟನ್ನು ಮತ್ತೆ ತರಿಸಿ ತುಟಿಗಿಡಿಸಿಕೊಂಡು ಊದಿದ. "ಇದರಲ್ಲಿ ದೋಷ ಇಲ್ಲ," ಎಂದ. ಆಗಲಾದರೂ ದರ್ಜಿಗೆ ಸೂಜಿಯ ನೆನಪಾಗಲಿಲ್ಲವೇ ಎಂದರೆ, ಆಯಿತು. ಆದರೆ ಊದಿ ನೋಡಿ ಸರಿ ಎಂದವನು ಅಣ್ಣನೇ. ಅಣ್ಣನ ಮಾತಿನ ಮೇಲೆ ಭಾರ ಹಾಕಿ ದರ್ಜಿ ಹಗುರಾದ.

ಮೂರನೆಯ ವಾರ ಅಣ್ಣ ಹೇಳಿದ: "ಒಂದು ಸಲ ಫ್ಲೋಟ್ ನೋಡೋಣ."

"ಮೂರು ಸಲ ನೋಡಿದ್ವಲ್ಲ ಅಣ್ಣ."

ಬಾಯಿ ತಪ್ಪಿ ಬಂದ ಮಾತು. ದರ್ಜಿ ನಾಲಿಗೆ ಕಚ್ಚಿಕೊಂಡ. ಅಣ್ಣ ಅವನನ್ನೇ ನೋಡಿದ.

"ಮೂರು ಸಲಾನಾ? ನಾನೇ ಹೇಳಿದ್ನಾ?"

"ನೀನೇ ಹೇಳಿದ್ದು. ಇರಲಿ ಬಿಡು, ಇನ್ನೊಂದ್ಸಲ ನೋಡಿದ್ರೆ ಗಂಟೇನು ಹೋಗತ್ತೆ?"

"ಬೇಡ," ಎಂದ ಅಣ್ಣ. "ಇವತ್ತಿಗೆ ಸಾಕು."

ಮರುದಿನವೂ ಇವತ್ತಿಗೆ ಸಾಕು, ಅದರ ಮರುದಿನವೂ. ಕುರ್ಚಿ ಹಿತ್ತಿಲಿಂದ ಮುಂಜಗುಲಿಗೆ ಹೋಯಿತು. ಏರು ಹತ್ತುವ ಗಾಡಿಗಳ ರೋಗವನ್ನು ಹೇಳುವುದೂ ನಿಂತಿತು. ಅತ್ತಿಗೆ ಒಂದು ದಿನ ದರ್ಜಿಯನ್ನು ಅಡುಗೆಮನೆಗೆ ಕರೆದು, ದನಿ ತಗ್ಗಿಸಿ ಹೇಳಿದಳು:

"ನಿನ್ನೆ ಸ್ನಾನದ ನೀರು ಹದವಾಗಿದೆಯಾ ಅಂತ ನನ್ನನ್ನ ಕೇಳ್ತಾರೆ ಕಣೋ. ಬಕೆಟ್ಟಲ್ಲಿ ಕೈ ಇಟ್ಕೊಂಡೇ ಕೇಳ್ತಾರೆ. ನೀವೇ ನೋಡಿ ಅಂದ್ರೆ, ನನಗೆ ಸರಿ ಅನ್ಸತ್ತೆ, ಆದ್ರೆ ನನಗೆ ಅನ್ಸಿದ್ದನ್ನ ನಂಬೋ ಹಾಗಿಲ್ಲ, ನೀನು ಹೇಳು ಅಂತಾರೆ. ಆ ಹಾಳು ಗಾಡಿ ಆರದೆ ಶಬ್ದ ಮಾಡ್ತಾ ನಿಂತಿದ್ರೆ ಇವರೂ ನಿಂತ್ಕೊಳ್ತಿದ್ರು."

ದರ್ಜಿಗೆ ಏನು ಮಾಡಬೇಕೆಂದು ಹೊಳೆಯಲಿಲ್ಲ. ಏನೂ ಹೊಳೆಯದೆ ಅಂಗಡಿಗೆ ಹೋಗಿ ಕೂತ.

ಹೊಳೆದದ್ದು ಒಂದು ಕೈಚೀಲದ ದೆಸೆಯಿಂದ. ಶಾಲೆಯ ಮೇಡಂ ಒಬ್ಬರು ಚರ್ಮದ ಚೀಲ ತಂದಿದ್ದರು. ಹಿಡಿಕೆಯ ಹೊಲಿಗೆ ಬಿಚ್ಚಿ ಒಂದಿಂಚು ಈಚೆಗೆ ಹಾಕಿ ಕೊಡಬೇಕು, ಹಳೆಯ ಹೊಲಿಗೆಯ ಗುರುತು ಕಾಣಬಾರದು ಎಂದರು. ಇಂಥವರಿಗೆ ನೂರು ಸಲ ಹೇಳಿದ್ದನ್ನೇ ದರ್ಜಿ ತಲೆ ಎತ್ತದೆ ಹೇಳಿದ:

"ಆಗಲ್ಲ ಮೇಡಂ. ಇದು ಬಟ್ಟೆ ಅಲ್ಲ. ಚರ್ಮದಲ್ಲಿ ಸೂಜಿ ಹೋದ್ರೆ ಹೋದಂಗೇ, ತೂತು ಮುಚ್ಚಲ್ಲ."

ಹೇಳಿದವನು ಅಲ್ಲೇ ನಿಂತುಬಿಟ್ಟ. ಮೇಡಂ ಇನ್ನೇನೋ ಹೇಳುತ್ತಿದ್ದರು. ದರ್ಜಿ ಕಾಲರಿಗೆ ಕೈ ಹಾಕಿ ರೇಷ್ಮೆಯ ಸೂಜಿಯನ್ನು ಹೊರಗೆ ತೆಗೆದು ನೋಡಿದ. ಮೊನೆ ಎಲ್ಲಕ್ಕಿಂತ ಸಣ್ಣದು ನಿಜ, ಆದರೆ ಅಲ್ಲಿಂದ ಮೇಲಕ್ಕೆ ಅದು ದಪ್ಪವಾಗುತ್ತಾ ಹೋಗುತ್ತದೆ. ಉಕ್ಕಿನ ಸೂಜಿ. ಹಿತ್ತಾಳೆಯ ತೂತು. ಅದರೊಳಗೆ ಒತ್ತಿ ಎರಡು ಸುತ್ತು ತಿರುಗಿಸಿದ್ದ. ಅವನು ಚೀಲವನ್ನು ಮೇಡಂ ಕೈಗೆ ಕೊಟ್ಟು ಅಂಗಡಿಯ ಬಾಗಿಲು ಎಳೆದ.

ನೇರ ಅಣ್ಣನ ಹತ್ತಿರ ಹೋಗಿದ್ದರೆ ಚೆನ್ನಾಗಿತ್ತು. ಹೋಗಲಿಲ್ಲ. ತಪ್ಪನ್ನು ಒಪ್ಪಿಕೊಳ್ಳುವಾಗ ಕೈಯಲ್ಲಿ ಹೊಸ ಜೆಟ್ಟು ಇರಲಿ, ಹಾಕಿ, ಗಾಡಿ ನಿಂತಲ್ಲೇ ಒಂದೇ ಸಮ ಶಬ್ದ ಮಾಡುವುದನ್ನು ತೋರಿಸಿಯೇ ಬಾಯಿ ಬಿಡೋಣ ಎಂದುಕೊಂಡ. ಹಿತ್ತಿಲಿಗೆ ಹೋಗಿ ಕದ್ದವನಂತೆ ಜೆಟ್ಟನ್ನು ಬಿಚ್ಚಿಕೊಂಡು ಸ್ಪೇರ್ ಪಾರ್ಟ್ಸ್ ಅಂಗಡಿಗೆ ನಡೆದ. ಅಂಗಡಿಯವನು ವಾಚು ರಿಪೇರಿಯವರ ಗಾಜನ್ನು ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿದ.

"ಇದಕ್ಕೆ ಯಾವ ಪುಣ್ಯಾತ್ಮ ಸೂಜಿ ಹಾಕಿದ್ದು? ತೂತಿನ ಬಾಯಿ ಅಗಲ ಆಗಿದೆ. ನಿಮ್ಮಣ್ಣನ ಕೈಕೆಳಗಿನ ಗಾಡಿಗೆ ಹೀಗಾಯ್ತಾ?"

"ಹೊಸದು ಸಿಗತ್ತಾ?"

"ಈ ನಂಬರ್ ಬರೋದು ನಿಂತು ಎಷ್ಟು ಕಾಲ ಆಯ್ತೋ! ಈಗಿನ ಗಾಡೀಲಿ ಕಾರ್ಬುರೇಟರೇ ಇಲ್ಲ ಸ್ವಾಮಿ. ಇಂಥ ಜೆಟ್ಟಿಗೆ ಬೆಸುಗೆ ತುಂಬಿಸಿ, ಕೈಯಲ್ಲೇ ಮತ್ತೆ ತೂತು ಕೊರೆಯೋರು ಒಬ್ಬರಿದ್ರು." ಅವನು ಗಾಜನ್ನು ಕಣ್ಣಿನಿಂದ ತೆಗೆದ. "ನಿಮ್ಮಣ್ಣ."

ದರ್ಜಿ ಹನ್ನೊಂದು ದಿನ ಹುಡುಕಿದ. ಗುಜರಿಗಳಲ್ಲಿ ತುಕ್ಕು ಹಿಡಿದ ಕಾರ್ಬುರೇಟರುಗಳ ರಾಶಿ ಕೆದಕಿದ, ಬಸ್ಸು ಹತ್ತಿ ಪಕ್ಕದ ಊರಿಗೆ ಹೋಗಿ ಬಂದ. ಒಂದು ಸಿಕ್ಕಿತು, ಅದರ ತಿರುಪಿನ ಸುತ್ತು ಬೇರೆ, ಕೂರಲಿಲ್ಲ. ಇನ್ನೊಂದು ಸಿಕ್ಕಿತು, ಅದಕ್ಕೂ ಯಾರೋ ತಂತಿ ಹಾಕಿದ್ದರು. ಆ ಹನ್ನೊಂದು ದಿನದಲ್ಲಿ ಅಣ್ಣ ಕನ್ನಡಕ ಹಾಕಿಕೊಳ್ಳುವುದನ್ನು ಬಿಟ್ಟ, ಪತ್ರಿಕೆ ತರಿಸುವುದು ಬೇಡವೆಂದ, ಬ್ಯಾಂಕಿನ ಕಾಗದಕ್ಕೆ ಸಹಿ ಹಾಕುವ ಮುಂಚೆ ಹೆಂಡತಿಯನ್ನು ಎರಡು ಸಲ ಕೇಳಿದ. ಹನ್ನೆರಡನೆಯ ದಿನ ದರ್ಜಿ ಬರಿಗೈಯಲ್ಲೇ ಹೋದ. ಅತ್ತಿಗೆ ಜಗುಲಿಯಲ್ಲಿ ಬೀನ್ಸ್ ಮುರಿಯುತ್ತಾ ಕೂತಿದ್ದಳು. ಅಣ್ಣ ಬೀದಿ ನೋಡುತ್ತಿದ್ದ. ದರ್ಜಿ ಅವನ ಕಾಲ ಬಳಿ ಮೆಟ್ಟಿಲ ಮೇಲೆ ಕೂತ.

"ಅಣ್ಣ, ಜೆಟ್ಟು ಹಾಳು ಮಾಡಿದ್ದು ನಾನೇ."

ಅಣ್ಣ ತಿರುಗಿ ನೋಡಿದ.

"ಆವತ್ತು ನೀನು ಮಲಗಿದ್ದಾಗ ಸೂಜಿ ಹಾಕಿ ತಿರುಗಿಸಿದೆ. ಕೇಳಿದ್ದಕ್ಕೆ ಇಲ್ಲ ಅಂದೆ. ಸುಳ್ಳು ಹೇಳಿದೆ. ತೂತು ದೊಡ್ಡದಾಗಿದೆ. ಪೆಟ್ರೋಲ್ ಜಾಸ್ತಿ ಹೋಗ್ತಿದೆ ಅಂತ ನೀನು ಮೊದಲ ದಿನಾನೇ ಹೇಳ್ದೆ, ಸರಿಯಾಗೇ ಹೇಳ್ದೆ. ನಿನ್ನ ತಲೆ ನೆಟ್ಟಗಿದೆ ಅಣ್ಣ. ಕೆಟ್ಟಿದ್ದು ನನ್ನ ಬುದ್ಧಿ."

ಅಣ್ಣ ನಿಧಾನವಾಗಿ ನಗತೊಡಗಿದ. ಆ ನಗುವಿನಲ್ಲಿ ಕೋಪ ಇದ್ದಿದ್ದರೆ ದರ್ಜಿ ಬದುಕಿಕೊಳ್ಳುತ್ತಿದ್ದ.

"ಮತ್ತೆ ನಾನೇ ಅಂತಾನೆ ನೋಡು," ಎಂದ ಅಣ್ಣ ಅತ್ತಿಗೆಯ ಕಡೆ ತಿರುಗಿ. "ಕೇಳಿದ್ಯಾ? ಚಿಕ್ಕೋರಿದ್ದಾಗ ಗೋಡೆ ಗಡಿಯಾರ ಬಿಚ್ಚಿ ಕೆಡಿಸಿದ್ದು ನಾನು, ಅಪ್ಪ ಕೇಳಿದಾಗ ಇವನು ಮುಂದೆ ಬಂದು ನಾನೇ ಅಂದ. ರೇಡಿಯೋ ಬಿಚ್ಚಿದ್ದು ನಾನು, ಅದಕ್ಕೂ ಇವನೇ. ಪಕ್ಕದ ಮನೆಯೋರ ಸೈಕಲ್ ಬಿಚ್ಚಿದ್ದಕ್ಕೂ ಇವನೇ ಏಟು ತಿಂದ. ಕೊನೆಗೆ ಅಪ್ಪನೇ ಅಂದ್ರು, ಇವನು ಹುಟ್ಟೋಕೆ ಮುಂಚೆ ಒಡೆದಿದ್ದನ್ನೂ ಒಪ್ಕೊಳ್ತಾನೆ ಅಂತ."

"ಅದು ಬೇರೆ ಅಣ್ಣ! ಇದು ನಿಜವಾಗ್ಲೂ ನಾನೇ. ಸ್ಪೇರ್ ಅಂಗಡಿಯೋನೂ ಗಾಜು ಇಟ್ಟು ನೋಡಿ ಹೇಳಿದ್ದಾನೆ, ಬೇಕಾದ್ರೆ ಕೇಳು."

"ಅವನನ್ನೂ ಒಪ್ಪಿಸಿಟ್ಟಿದೀಯಾ? ಕೊಡು ಇಲ್ಲಿ."

ದರ್ಜಿ ಜೇಬಿನಿಂದ ಜೆಟ್ಟನ್ನು ತೆಗೆದು ಅಣ್ಣನ ತುಟಿಗೆ ಹಿಡಿದ. ಅಣ್ಣ ಕಣ್ಣು ಮುಚ್ಚಿದ, ಎದೆ ಉಬ್ಬಿಸಿದ, ಊದಿದ. ತೂತಿನಿಂದ ಸ್ವಲ್ಪ ಆಚೆ ದರ್ಜಿಯ ಹೆಬ್ಬೆರಳಿತ್ತು. ಅದಕ್ಕೆ ಬಿಸಿಯೂ ತಾಗಲಿಲ್ಲ, ಗಾಳಿಯೂ ತಾಗಲಿಲ್ಲ. ಇನ್ನೊಮ್ಮೆ ಊದಿದಾಗ ಏನೋ ಸುಳಿದ ಹಾಗಾಯಿತು, ಅಷ್ಟೇ. ದರ್ಜಿಗೆ ಈಗ ಗೊತ್ತಾಯಿತು. ದನಿ ಇಳಿದಿದ್ದು ಬರೀ ದನಿ ಇಳಿದದ್ದಲ್ಲ. ಮೂವತ್ತೈದು ವರ್ಷ ತೂತುಗಳನ್ನು ಅಳೆದ ಉಸಿರು ಅರ್ಧಕ್ಕೂ ಕಡಿಮೆಯಾಗಿತ್ತು. ತೂತು ದೊಡ್ಡದಾಗಿತ್ತು, ಉಸಿರು ಸಣ್ಣದಾಗಿತ್ತು, ಎರಡೂ ಸೇರಿ ತುಟಿಗೆ ಅದೇ ಹಳೆಯ ತಡೆಯೇ ಸಿಗುತ್ತಿತ್ತು.

"ಸರಿಯಾಗೇ ಇದೆ," ಎಂದ ಅಣ್ಣ. "ಯಾವಾಗಲೂ ಹೇಗಿರತ್ತೋ ಹಾಗೇ."

ದರ್ಜಿಗೆ ಹೇಳಬಾರದೆಂದು ಗೊತ್ತಿತ್ತು, ಹೇಳದೆ ದಾರಿಯಿರಲಿಲ್ಲ.

"ನಿನ್ನ ಉಸಿರು ಕಮ್ಮಿಯಾಗಿದೆ ಅಣ್ಣ. ಅದಕ್ಕೇ ನಿನಗೆ ಹಾಗನ್ಸತ್ತೆ. ನನ್ನ ಬೆರಳಿಗೆ ಗಾಳಿನೇ ತಾಗ್ತಿಲ್ಲ."

ಅತ್ತಿಗೆಯ ಕೈಯಲ್ಲಿದ್ದ ಬೀನ್ಸ್ ಅಲ್ಲೇ ನಿಂತಿತು. ಅಣ್ಣನ ಮುಖದಿಂದ ನಗು ಹೋಯಿತು. ಅವನು ಜೆಟ್ಟನ್ನು ನೋಡಲಿಲ್ಲ, ತೊಡೆಯ ಮೇಲೆ ಕುಣಿಯುತ್ತಿದ್ದ ತನ್ನ ಕೈಯನ್ನು ನೋಡಿದ.

"ಉಸಿರೂ ಹೋಯ್ತಾ," ಎಂದ. "ಹಾಗಾದ್ರೆ ಇಷ್ಟು ದಿನ ಸರಿ ಇದೆ, ಸರಿ ಇದೆ ಅಂತ ನಾನು ಹೇಳಿದ್ದೆಲ್ಲ ತಪ್ಪು. ಉಸಿರು ಕಮ್ಮಿಯಾಗಿದ್ದು ನನಗೆ ತಿಳೀಲೇ ಇಲ್ಲ. ತನ್ನ ಉಸಿರೇ ತನಗೆ ತಿಳಿಯದ ತಲೆ ಎಂಥ ತಲೆ?"

"ಹಾಗಲ್ಲ ಅಣ್ಣ..."

"ನೀನು ಸೂಜಿ ಹಾಕಿಲ್ಲ ಅಂದ್ರೆ, ನನಗೆ ದೋಷ ಹುಡುಕೋಕೆ ಬರಲಿಲ್ಲ. ಹಾಕಿದ್ದೀಯ ಅಂದ್ರೆ, ತುಟಿಗೆ ಇಟ್ಕೊಂಡೂ ನನಗೆ ಗೊತ್ತಾಗಲಿಲ್ಲ. ಯಾವುದಾದ್ರೂ ಅಷ್ಟೇ ಅಲ್ವಾ?" ಅವನು ನಡುಗುವ ಕೈಯನ್ನು ತಮ್ಮನ ತಲೆಯ ಮೇಲಿಟ್ಟ. ಕೈಯ ನಡುಕಕ್ಕೆ ದರ್ಜಿಯ ತಲೆಯೂ ಅಲ್ಲಾಡಿತು. "ಮುಖಕ್ಕೇ ಹೇಳು ಅಂದಿದ್ದೆ. ಹೇಳ್ದೆ. ಒಳ್ಳೇದು ಮಾಡ್ದೆ."

ದರ್ಜಿ ಅತ್ತಿಗೆಯ ಮುಖ ನೋಡಿದ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಬೀನ್ಸಿನ ನಾರು ಎಳೆಯುತ್ತಿದ್ದಳು. ಹೇಳಬೇಕಾದ್ದೆಲ್ಲ ಮುಗಿದಿತ್ತು. ನಿಜವನ್ನು ಇನ್ನೊಮ್ಮೆ ಹೇಳಿದರೆ ಇನ್ನಷ್ಟು ಕೆಡುತ್ತಿತ್ತು, ಸುಳ್ಳು ಹೇಳುವ ಕಾಲ ದಾಟಿತ್ತು.

ಅಷ್ಟರಲ್ಲಿ ಏರಿನ ಕೆಳಗಿನಿಂದ ಹಾಲಿನವನ ಗಾಡಿಯ ಶಬ್ದ ಕೇಳಿಸಿತು. ಅರ್ಧ ಹತ್ತಿತು, ಕೆಮ್ಮಿತು, ಇನ್ನಷ್ಟು ಹತ್ತಿತು, ಮತ್ತೆ ಕೆಮ್ಮಿತು, ಮನೆಯ ಗೇಟಿನ ಎದುರಿಗೇ ನಿಂತುಹೋಯಿತು. ಅತ್ತಿಗೆ ಅಭ್ಯಾಸಬಲದಿಂದ ಬಾಯಿ ತೆರೆದಳು. ದರ್ಜಿ ಅವಳ ಮೊಣಕೈ ಹಿಡಿದ. ಅವಳು ಬಾಯಿ ಮುಚ್ಚಿದಳು.

ಹಾಲಿನವನು ಎರಡು ಸಲ ಕಿಕ್ ಹೊಡೆದು, ಜಗುಲಿಯ ಕಡೆ ನೋಡಿದ. "ಏನಾಯ್ತು ನೋಡಿ ಇದಕ್ಕೆ?"

ಅಣ್ಣ ಬೀದಿಯನ್ನೇ ನೋಡುತ್ತಿದ್ದ. "ಇವನನ್ನ ಕೇಳಪ್ಪ," ಎಂದ.

ದರ್ಜಿ ಮೆಟ್ಟಿಲಿನಿಂದ ಎದ್ದು ನಿಂತ. ಕಿವಿಯಿರುವ ಯಾರಿಗಾದರೂ ಗೊತ್ತಾಗುವ ರೋಗ ಅದು. ಅವನು ಗಂಟಲು ಸರಿಮಾಡಿಕೊಂಡು, ಅಣ್ಣನಿಗೆ ಚೆನ್ನಾಗಿ ಕೇಳಿಸುವ ಹಾಗೆ, ಗಟ್ಟಿಯಾಗಿ ಹೇಳಿದ:

"ಚೈನ್ ಸಡಿಲ ಆಗಿರಬೇಕು. ಅಲ್ವಾ ಅಣ್ಣ?"

ಹಾಲಿನವನು ಬೆರಗಾಗಿ ಅವನನ್ನು ನೋಡಿದ. ದರ್ಜಿ ಕಾದ. ಕತ್ತೆ ಎನ್ನಲಿ, ನೂಲಿನ ಮಾತಾಡಲಿ, ಏನಾದರೂ ಬೈಯಲಿ ಎಂದು ಉಸಿರು ಹಿಡಿದು ಕಾದ.

"ಇರಬಹುದು," ಎಂದ ಅಣ್ಣ.